ತರಗತಿಯಿಲ್ಲದ ಟೀಚರ್

ಅಲಬಾಮಾದ ಆ ಸಣ್ಣ ಊರಿನಲ್ಲಿ, ಕಪ್ಪು ಜನರ ಶಾಲೆಯ ಮೂರನೇ ತರಗತಿ ಎಂದರೆ ಓಝೆಲಾ ಪೆಟ್ವೇ ಟೀಚರ್. ಇಪ್ಪತ್ತಾರು ವರ್ಷ ಪಾಠ ಹೇಳಿದರು. ಭಾಗಾಕಾರ ಬಾರದ ಮಗುವನ್ನು ಮನೆಗೆ ಬಿಟ್ಟವರೇ ಅಲ್ಲ. ಸಂಜೆ ತಾಯಂದಿರೇ ಬಂದು ಬಾಗಿಲಲ್ಲಿ ಕಾಯಬೇಕಾಗುತ್ತಿತ್ತು.

೧೯೭೦ರಲ್ಲಿ ಕೋರ್ಟಿನ ಆಜ್ಞೆ ಬಂತು. ಬಿಳಿಯರ ಮಕ್ಕಳೂ ಕಪ್ಪು ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕಂತೆ. ಓಝೆಲಾ ಹಿಗ್ಗಿ ಹೋದರು, ಹೊಸ ಉಡುಪು ಹೊಲಿಸಿಕೊಂಡರು. ಆದರೆ ಬೀಗ ಬಿದ್ದದ್ದು ಇವರ ಶಾಲೆಗೆ. ಮಕ್ಕಳೆಲ್ಲ ಬಿಳಿಯರ ಶಾಲೆಗೆ ಹೋದರು. ಟೀಚರಿಗೆ ಅಲ್ಲಿ ತರಗತಿ ಸಿಗಲಿಲ್ಲ. ಪಠ್ಯಪುಸ್ತಕ ಇಡುವ ಕೋಣೆಯಲ್ಲಿ ಕೂರಿಸಿ, ಹರಿದ ಹಾಳೆ ಅಂಟಿಸು ಎಂದರು. ಅಷ್ಟು ಓದಿಕೊಂಡಿದ್ದ ಹೆಂಗಸಿನ ಕೈಗೆ ಗೋಂದಿನ ಡಬ್ಬಿ ಕೊಡಲು ಅವರಿಗೆ ಹೇಗೆ ಮನಸ್ಸು ಬಂತೋ.

ತರಗತಿ ಕೊಡಿ ಎಂದು ಓಝೆಲಾ ಮೂರು ಸಲ ಅರ್ಜಿ ಬರೆದರು. ಮೂರನೆಯದಕ್ಕೆ ಶಾಲಾ ಮಂಡಳಿ, ತಂದೆತಾಯಿಯರ ಅಭಿಪ್ರಾಯ ಕೇಳಿ ನೋಡೋಣ ಎಂದಿತು. ಟೀಚರಿಗೆ ಹೋದ ಜೀವ ಬಂದಂತಾಯಿತು. ಮಕ್ಕಳಲ್ಲಿ ಅರ್ಧಕ್ಕರ್ಧ ನಮ್ಮವರೇ, ನಮ್ಮವರು ಕೈಬಿಡುತ್ತಾರೆಯೇ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಮಂಡಳಿಯ ಸದಸ್ಯರೊಬ್ಬರ ಹೆಂಡತಿ, ಬಿಳಿ ಹೆಂಗಸು, ಕಾಗದ ಹಿಡಿದು ಮನೆಮನೆಗೆ ಹೋದಳು. ಮುಂದಿನ ವಾರ ಹೆಡ್‌ಮಾಸ್ತರರು ಕರೆಸಿ ಹೇಳಿದರು.

"ನೋಡು ಓಝೆಲಾ, ನಿನ್ನ ಬೀದಿಯಲ್ಲೇ ಒಬ್ರೂ ತಕರಾರು ಹೇಳಿಲ್ಲ. ಶಾಲೆ ಈಗ ಹೇಗಿದೆಯೋ ಹಾಗೇ ಸರಿ ಅಂದಿದ್ದಾರೆ. ಇನ್ನು ನಾವೇನು ಮಾಡೋಣ?"

ಮನೆಗೆ ಹೋಗುವ ದಾರಿಯಲ್ಲಿ, ಅದೇ ಬೀದಿಯ ವರ್ಡೆಲ್ ತನ್ನ ಜಗುಲಿಯಲ್ಲಿ ಅಲಸಂದೆ ಕಾಯಿ ಸುಲಿಯುತ್ತಿದ್ದಳು. ಟೀಚರ ಕೈಯಲ್ಲೇ ಕಲಿತವಳು. ಅವಳ ಮಗಳು ಈಗ ಹೊಸ ಶಾಲೆಯ ಮೂರನೇ ತರಗತಿಯಲ್ಲಿ. ಓಝೆಲಾ ಕೂರಲೂ ಇಲ್ಲ.

"ನಂಗೆ ತರಗತಿ ಕೊಡೋದು ಬೇಡ ಅಂದ್ಯಂತೆ?"

"ಅಯ್ಯೋ, ನಿಮ್ಮ ಹೆಸರೇ ಎತ್ತಲಿಲ್ಲ ಟೀಚರ್ ಆಕೆ. ಶಾಲೆ ಸರಿಯಾಗಿ ನಡೀತಿದೆಯಾ ಅಂದ್ಲು. ಹೌದು ಮೇಡಂ ಅಂದೆ."

"ಸರಿಯಾಗಿ ನಡೀತಿದೆಯೇನೇ?"

"ಎಲ್ಲಿ ನಡೀತಿದೆ? ನನ್ನ ಮಗಳನ್ನ ಹಿಂದಿನ ಬೆಂಚಲ್ಲಿ ಕೂರಿಸಿದ್ದಾರೆ. ಒಂದು ದಿನಾನೂ ಅವಳ ಹೆಸರು ಹಿಡಿದು ಕರೆದಿಲ್ಲ."

"ಮತ್ಯಾಕೆ ಹೌದು ಅಂದೆ?"

ವರ್ಡೆಲ್ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಅವಳ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ.

"ನೀವೇ ಹೇಳ್ಕೊಟ್ಟಿದ್ದಲ್ವಾ ಟೀಚರ್? ಬಿಳಿಯರು ಏನೇ ಕೇಳಲಿ, ನೆಟ್ಟಗೆ ನಿಂತು ಹೌದು ಮೇಡಂ ಅನ್ನಿ, ಜೀವಂತ ಮನೆಗೆ ಬನ್ನಿ ಅಂತ. ಎಲ್ರ ಕೈಲೂ ಒಟ್ಟಿಗೆ ಹೇಳಿಸ್ತಿದ್ರಿ."

ಹೌದು, ಹೇಳಿಸುತ್ತಿದ್ದರು. ಬಿಳಿಯ ಅಂಗಡಿಯವನಿಗೆ ಎದುರಾಡಿದಳೆಂದು ಒಬ್ಬಾಕೆಯ ಮನೆಗೆ ಬೆಂಕಿಯಿಟ್ಟ ವರ್ಷದಿಂದ, ಪ್ರತಿ ಬೆಳಗ್ಗೆ, ಲೆಕ್ಕ ಶುರುಮಾಡುವ ಮುಂಚೆ. ಆ ಭಯಕ್ಕೆ ಬೇರೆ ಮದ್ದು ಅವರಿಗೆ ಗೊತ್ತಿರಲಿಲ್ಲ. ಬೀದಿಯ ತಾಯಂದಿರೆಲ್ಲ ಅವರ ಕೈಯಲ್ಲೇ ಕಲಿತವರು. ಒಬ್ಬಳೂ ಪಾಠ ಮರೆತಿರಲಿಲ್ಲ.

ಓಝೆಲಾ ಮೆಟ್ಟಿಲ ಮೇಲೆ ಕುಸಿದು ಕೂತು, ಆ ಹೊಸ ಉಡುಪಿನ ತೋಳಿನಲ್ಲೇ ಮುಖ ಮುಚ್ಚಿಕೊಂಡು ಅತ್ತರು. ನಾಲ್ಕನೇ ಅರ್ಜಿ ಬರೆಯಲಿಲ್ಲ. ಒಂಬತ್ತು ವರ್ಷ ಹಾಳೆ ಅಂಟಿಸಿ ನಿವೃತ್ತರಾದರು.