ಹೆಲಿಪ್ಯಾಡಿನ ಮೇಲೆ ನೀರಿನ ಬಳೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದದ್ದು, "ಆಗ ಎಷ್ಟು ಗಂಟೆ?" ಅವರು ತಡವರಿಸುತ್ತಿದ್ದರು. ಸುಳ್ಳೆಂದು ತಿಳಿದು ನಾನು ಎದ್ದುಬಿಡುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ. ಆಗ ಸಂಜೆ ಐದು ಗಂಟೆ ಹತ್ತು ನಿಮಿಷ.

ಸೈನ್ಯದಿಂದ ನಿವೃತ್ತನಾದ ಮೇಲೆ, ಗಜೇಂದ್ರಗಡದ ಗುಡ್ಡದಲ್ಲಿ ಗಾಳಿಯಂತ್ರ ನಿಲ್ಲಿಸಿದ ಕಂಪನಿಯೊಂದು ನನ್ನನ್ನು ತನ್ನ ಹೆಲಿಪ್ಯಾಡಿನ ಮೇಲ್ವಿಚಾರಕನಾಗಿ ಇಟ್ಟುಕೊಂಡಿತು. ಬೇಲಿಯ ಪಕ್ಕದಲ್ಲೇ ಮನೆ. ಸಾಹೇಬರು ಇಳಿಯುವ ದಿನ ಮುಶಿಗೇರಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬರುತ್ತಿದ್ದರು. "ನಮ್ಮೂರಿಗೆ ಬಸ್ಸಿಲ್ಲ, ಇವ್ರಿಗೆ ನೋಡಪಾ, ಮುಗಲಾಗಿಂದ ಬರತೈತಿ" ಎಂದು ನಗುತ್ತಿದ್ದರು.

ಧೂಳೇಳದಂತೆ ಕಾಂಕ್ರೀಟಿನ ವೃತ್ತಕ್ಕೆ ನೀರು ಹೊಡೆಯುವುದು ನನ್ನ ಕೆಲಸ. ಹೆಲಿಕಾಪ್ಟರ್ ಇಳಿದಾಗ ಅದರ ಗಾಳಿ ನೀರನ್ನು ಹೊರಕ್ಕೆ ತಳ್ಳುತ್ತಿತ್ತು. ನಡುವೆ ಒಣ ನೆಲ, ಸುತ್ತ ಒದ್ದೆ ಉಂಗುರ. ನನ್ನ ಹೆಂಡತಿ ಶಾಂತವ್ವ ಅದಕ್ಕೆ ನೀರಿನ ಬಳೆ ಎನ್ನುತ್ತಿದ್ದಳು. ಅವಳ ಕಿವಿ ಚುರುಕು. ನನಗೆ ಸದ್ದು ಕೇಳುವ ಮೊದಲೇ "ಅರಿವಿ ತಗೀರಿ, ಬಂತು!" ಎಂದು ಕೂಗಿ ಹಗ್ಗದ ಮೇಲಿನ ಬಟ್ಟೆಗೆ ಓಡುತ್ತಿದ್ದಳು. ಇಲ್ಲದಿದ್ದರೆ ನನ್ನ ಪಾಯಿಜಾಮ ಹಾರಿ ರೋಣದ ಪೇಟೆ ಮುಟ್ಟುತ್ತಿತ್ತು.

ಆಮೇಲೆ ಕಂಪನಿ ಬೇರೆಯವರ ಕೈಗೆ ಹೋಯಿತು. ಹೊಸಬರು ಎಲ್ಲೋ ಕುಳಿತು ಕಂಪ್ಯೂಟರಿನಲ್ಲೇ ಯಂತ್ರಗಳನ್ನು ನೋಡುತ್ತಾರೆ. ಹೆಲಿಪ್ಯಾಡಿಗೆ ಬೀಗ ಬಿತ್ತು, ಕಾವಲಿಗೆ ನಾನೊಬ್ಬ ಉಳಿದೆ. ಆ ವರ್ಷವೇ ಶಾಂತವ್ವನಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಬರಲಿಲ್ಲ. "ಒಂದು ಮಾತು ಬಂದರೆ ಉಳಿದದ್ದೂ ಬಂದೀತು, ಬಿಡಬೇಡಿ" ಎಂದರು ಗದಗಿನ ಡಾಕ್ಟರು.

ನಾನು ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ, ಅವಳ ಮುಂದೆ ಕನ್ನಡಿ ಹಿಡಿದು ಅರ್ಧ ಗಂಟೆ: "ನೀರು ಅನ್ನು. ಅಕ್ಕಿ ಅನ್ನು." ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಅವಳು ನನ್ನ ತುಟಿ ನೋಡುತ್ತಿದ್ದಳು, ಕಣ್ಣು ತುಂಬುತ್ತಿದ್ದವು. ಹಾಲು ತರುವ ಬಸವ್ವ ಒಮ್ಮೆ ಬೈದೇಬಿಟ್ಟಳು: "ಏನ್ರೀ ಇದು, ಪರೇಡ್ ಮಾಡಸಾಕತ್ತೀರೇನ? ಕನ್ನಡಿ ಆಚೆ ಇಟ್ಟು ಅಕಿ ಬಾಜೂಕ ಒಂದೀಟು ಸುಮ್ಮನ ಕುಂದರ್ರಿ." ನಾನು ಕೇಳಲಿಲ್ಲ.

ಆ ಸಂಜೆ ಗಾಳಿ ಇರಲಿಲ್ಲ. ಗುಡ್ಡದ ಯಂತ್ರಗಳೆಲ್ಲ ನಿಂತಿದ್ದವು. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಶಾಂತವ್ವ ಕನ್ನಡಿಯನ್ನು ಪಕ್ಕಕ್ಕೆ ತಳ್ಳಿದಳು.

"ಅರಿವಿ ತಗೀರಿ, ಬಂತು!"

ಅದೇ ಹಳೆಯ ಗಟ್ಟಿ ದನಿ. ಆಕಾಶ ನೋಡಿದೆ, ಖಾಲಿ. ಏನೂ ಬಂದಿಲ್ಲ ಎಂದರೆ ಬಂದ ಮಾತು ಮತ್ತೆ ಒಳಗೆ ಹೋದೀತೆಂದು ಹೆದರಿದೆ. ಬಟ್ಟೆ ತೆಗೆದೆ. ಬೀಗ ತೆರೆದು, ಪೈಪು ಎಳೆದು, ವೃತ್ತವನ್ನೆಲ್ಲ ತೋಯಿಸಿ, ಬೇಲಿಯವರೆಗೆ ನಡೆದು ಬಂದಿದ್ದ ಅವಳ ಬಾಜೂಕ ನಿಂತೆ. ಅವಳು ಎರಡೂ ಕೈಯಿಂದ ಸೆರಗು ಹಿಡಿದು ಕಣ್ಣು ಮುಚ್ಚಿದ್ದಳು.

ನನಗೆ ಸದ್ದೇನೂ ಕೇಳಲಿಲ್ಲ. ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಆದರೆ ನೀರು ಸರಿಯಿತು. ನಡುವಿನಿಂದ ಹೊರಕ್ಕೆ, ಎಲ್ಲ ದಿಕ್ಕಿಗೂ ಒಂದೇ ಸಮನಾಗಿ. ನಡುವೆ ನೆಲ ಒಣಗಿತು, ಸುತ್ತ ಬಳೆ ನಿಂತಿತು.

ಶಾಂತವ್ವ ಕಣ್ಣು ತೆರೆದು ಕೇಳಿದಳು, "ಯಾರ ಬಂದ್ರು?"

ಜೀವನದಲ್ಲಿ ನಾನು ಸುಳ್ಳು ವರದಿ ಕೊಟ್ಟವನಲ್ಲ. "ನಾ ಬಂದೇನಿ" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಭಾಳ ತಡಾ ಮಾಡಿದ್ರಿ" ಎಂದು ನನ್ನ ತೋಳು ಹಿಡಿದುಕೊಂಡಳು.

ಈಗ ಅವಳು ನನ್ನನ್ನು ಬೈಯುವಷ್ಟು ಮಾತಾಡುತ್ತಾಳೆ. ಆ ಸಂಜೆಯದೇನೂ ಅವಳಿಗೆ ನೆನಪಿಲ್ಲ. ಮಾತು ಹೇಗೆ ಮರಳಿತೆಂದು ಡಾಕ್ಟರು ವಿವರಿಸಿದರು. ನೀರಿನ ವಿಷಯಕ್ಕೆ ಮಾತ್ರ, "ಅಲ್ಲಿ ಇಳಿಜಾರು ಇದ್ದೀತು" ಎಂದರು. ಇದೆ, ಪೂರ್ವಕ್ಕೆ. ಆಮೇಲೆ ಎಷ್ಟೋ ಸಂಜೆ ನೀರು ಸುರಿದು ನೋಡಿದ್ದೇನೆ, ಎಲ್ಲ ಪೂರ್ವಕ್ಕೇ ಹರಿಯುತ್ತದೆ. ಅಂದು ಅಲ್ಲಿ ಇಳಿದದ್ದು ಏನೆಂದು ನನಗೆ ತಿಳಿದಿಲ್ಲ. ಬಂದವನು ನಾನು ಎಂದದ್ದು ಸುಳ್ಳೋ ನಿಜವೋ, ಅದನ್ನೂ ಹೇಳಲಾರೆ.