ಕರಾಮದ ಸನ್ಯಾಸಿಗಳು

ಊಟಕ್ಕೆ ಕೂತಾಗ ಯಾರಾದರೂ ಏನಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಇದು ಅಹಂಕಾರವಲ್ಲ, ಆರನೆಯ ಶತಮಾನದ ಇಟಲಿಯ ಪ್ರಭಾವ.

ಹೇಗೆಂದರೆ, ದುಬೈಯ ಕರಾಮದಲ್ಲಿ ಒಂದು ಫ್ಲ್ಯಾಟಿನಲ್ಲಿ ನಾವು ಐದು ಮಂದಿ ಗಂಡಸರಿದ್ದೇವೆ. ಊರಿನಲ್ಲಿ ಹೆಂಡತಿ ಮಕ್ಕಳಿದ್ದರೂ ಬಾಡಿಗೆಯ ಭಾಷೆಯಲ್ಲಿ ನಾವು ಬ್ಯಾಚುಲರ್‌ಗಳು. ನಿಜವಾಗಿ ಮದುವೆಯಾಗದವರು ಲಾರೆನ್ಸಣ್ಣ ಒಬ್ಬರೇ. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ಹೋಟೆಲೊಂದರ ಸ್ಟೋರ್ ನೋಡಿಕೊಳ್ಳುತ್ತಾರೆ. ಪ್ರಾಯದಲ್ಲಿ ಕೆಲವು ವರ್ಷ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿದ್ದು ಬಿಟ್ಟುಬಂದವರು. ಬರುವಾಗ ಅಲ್ಲಿನ ನಿಯಮಗಳನ್ನು ಮಾತ್ರ ಕಟ್ಟಿಕೊಂಡು ಬಂದರು. ಆದ್ದರಿಂದ ನಮ್ಮ ಫ್ಲ್ಯಾಟಿನಲ್ಲಿ ಊಟದ ಹೊತ್ತಿಗೆ ಮಾತು ಖಲಾಸ್. ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳುತ್ತಾ ಉಣ್ಣಬೇಕು, ಓದಿದವನಿಗೆ ಕೊನೆಗೆ ಊಟ. ಮಠದಲ್ಲಿ ಧರ್ಮಗ್ರಂಥ ಓದುತ್ತಿದ್ದರಂತೆ. ನಾವು ಮೊಬೈಲಿನಲ್ಲಿ ಬಂದ ಊರಿನ ಸುದ್ದಿ ಓದುತ್ತೇವೆ.

ಉಡುಪಿಯವನಾದ ನನಗೆ ಮಠದ ವಿಷಯದಲ್ಲಿ ಊಟವೊಂದೇ ಗೊತ್ತಿದ್ದದ್ದು. ಉಳಿದ ವಿದ್ಯೆಯೆಲ್ಲ ಲಾರೆನ್ಸಣ್ಣ ನೀರುಳ್ಳಿ ಹೆಚ್ಚುವಾಗ ದಾನ ಮಾಡಿದ್ದು. ಮೊದಮೊದಲು ಈ ಸನ್ಯಾಸಿಗಳು ಜನರ ಕಾಟ ತಾಳಲಾರದೆ ಈಜಿಪ್ಟಿನ ಮರುಭೂಮಿಗೆ ಹೋಗಿ ಒಬ್ಬೊಬ್ಬರೇ ಕೂತರಂತೆ. ಒಬ್ಬ ಮನುಷ್ಯ ಒಂಟಿಯಾಗಿ ಹೇಗೆ ಕೂರುತ್ತಾನೆ ಎಂದು ನೋಡಲು ಜನ ಬಂದರು. ಬಂದವರೂ ಅಲ್ಲೇ ಕೂತರು. ಅಷ್ಟಾದ ಮೇಲೆ ನಿಯಮ ಬೇಡವೇ? ಆರನೆಯ ಶತಮಾನದಲ್ಲಿ ಇಟಲಿಯ ಸಂತರೊಬ್ಬರು ಎಲ್ಲವನ್ನೂ ಬರೆದಿಟ್ಟರು: ಯಾವಾಗ ಮಲಗಬೇಕು, ಉಣ್ಣುವಾಗ ಹೇಗೆ ಮಾತಿಲ್ಲದೆ ಇರಬೇಕು, ದ್ರಾಕ್ಷಾರಸ ಎಷ್ಟು ಕುಡಿಯಬಹುದು, ಊಟಕ್ಕೆ ತಡವಾಗಿ ಬಂದವನಿಗೆ ಏನು ಮಾಡಬೇಕು. ಅವರ ಶಿಸ್ತು ತಡೆಯಲಾರದೆ ಶಿಷ್ಯರು ದ್ರಾಕ್ಷಾರಸಕ್ಕೆ ವಿಷ ಹಾಕಿದ್ದರೆಂಬ ಕಥೆಯೂ ಉಂಟು. ಆ ಕಥೆ ಹೇಳಿದ ದಿನ ಲಾರೆನ್ಸಣ್ಣ ತಮ್ಮ ಚಹಾ ತಾವೇ ಮಾಡಿಕೊಂಡರು.

ಬಡತನದ ಪ್ರತಿಜ್ಞೆ ಮಾಡಿದವರ ಮಠಗಳು ದಾನ ಬಂದು ಬಂದು ಶ್ರೀಮಂತವಾದವು. ಇದು ಸರಿಯಲ್ಲವೆಂದು ಕೆಲವರು ಕಾಡು ಸೇರಿದರು. ಕಾಡು ಕಡಿದು, ಕುರಿ ಸಾಕಿ, ಉಣ್ಣೆ ಮಾರಿ ಅವರೂ ಶ್ರೀಮಂತರಾದರು. ಬಡವರಾಗಲು ಹೋದವರಿಗೆ ಹೀಗೆ ಹಣ ಬೆನ್ನು ಹತ್ತಿತು. ಹಣ ಮಾಡಲೆಂದೇ ಮರುಭೂಮಿಗೆ ಬಂದ ನಾವು ಅಟ್ಟಮಂಚದ ಮೇಲಿನ ಹಾಸಿಗೆಯಲ್ಲಿ ತಲೆ ಸೂರಿಗೆ ತಾಗಿಸಿಕೊಂಡು ಮಲಗಿದ್ದೇವೆ. ಇತಿಹಾಸಕ್ಕೆ ಹಾಸ್ಯಪ್ರಜ್ಞೆ ಇಲ್ಲವೆನ್ನುವವರು ಒಮ್ಮೆ ಕರಾಮಕ್ಕೆ ಬರಬೇಕು.

ತೊಂದರೆಯಾದದ್ದು ಕಳೆದ ರಜೆಯಲ್ಲಿ. ಊರಿಗೆ ಹೋದೆ. ಹೆಂಡತಿ ಶಶಿಕಲಾ ಕೋರಿರೊಟ್ಟಿ ಮಾಡಿ ಎದುರು ಕೂತು ಒಂದೊಂದೇ ಸಂಗತಿ ಹೇಳತೊಡಗಿದಳು. ನಾನು ಶ್ರದ್ಧೆಯಿಂದ ಕೇಳುತ್ತಾ ಉಂಡೆ, ಕೈತೊಳೆದು ಎದ್ದೆ. ದಿನವೂ ಹಾಗೇ. ನನ್ನ ಮಟ್ಟಿಗೆ ಅವಳು ಓದುವ ಸರದಿಯವಳು. ಹೊರಡುವ ಮುನ್ನಾದಿನ ಅವಳ ಕಣ್ಣು ತುಂಬಿತು.

"ನಿಮಗೆ ನನ್ನತ್ರ ಮಾತಾಡ್ಲಿಕ್ಕೆ ಏನೂ ಉಳಿದಿಲ್ಲ ಅಂತ ಗೊತ್ತಾಯ್ತು. ಅಲ್ಲಿ ಯಾರು ಹೀಗೆ ಮಾಡಿದ್ದು ಅಂತ ನಾನೇ ಬಂದು ನೋಡ್ತೇನೆ."

ನಿಯಮದ ವಿಷಯ ವಿವರಿಸಿದೆ. ಗಂಡ ಮಾತು ಬಿಟ್ಟದ್ದಕ್ಕೆ ಇಟಲಿ ಕಾರಣವೆಂದರೆ ಯಾವ ಹೆಂಡತಿ ನಂಬುತ್ತಾಳೆ? ನನಗೆ ನಿಜಕ್ಕೂ ಭಯವಾಯಿತು. ವರ್ಷಕ್ಕೊಮ್ಮೆ ಸಿಗುವ ಸಂಸಾರ, ಅದನ್ನೂ ನಾನು ಕೈಯಾರೆ ಕೆಡಿಸಿಕೊಂಡೆನೇ ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಅವಳು ಬಂದೇ ಬಂದಳು. ವಿಸಿಟ್ ವೀಸಾ, ಶಾರ್ಜಾದ ಚಿಕ್ಕಮ್ಮನ ಮಗಳ ಮನೆಯಲ್ಲಿ ವಾಸ. ಭಾನುವಾರ ಮಧ್ಯಾಹ್ನ ನಮ್ಮ ಫ್ಲ್ಯಾಟಿಗೆ ಬಂದು, ನಮ್ಮ ಅಡುಗೆಮನೆಯನ್ನು ಒಂದು ಕ್ಷಣ ಮೂಗು ಮುಚ್ಚಿಕೊಂಡು ನೋಡಿ, ಬಂಗುಡೆ ಸಾರು ಮಾಡಿದಳು. ಎಲ್ಲರೂ ಕೂತೆವು. ಲಾರೆನ್ಸಣ್ಣನ ಓದುವ ಸರದಿ. ಕಾರ್ಕಳದ ಕಡೆ ರಸ್ತೆ ಹಾಳಾದ ಸುದ್ದಿ ಓದುತ್ತಿದ್ದರು.

"ಲಾರೆನ್ಸಣ್ಣ, ನೀವು ಮಠ ಬಿಟ್ಟದ್ದು ಯಾಕೆ?" ಎಂದು ಶಶಿಕಲಾ ನಡುವೆಯೇ ಕೇಳಿದಳು.

ನಾಲ್ಕು ತುತ್ತುಗಳು ಗಾಳಿಯಲ್ಲಿ ನಿಂತವು. ಇಷ್ಟು ವರ್ಷ ಒಂದೇ ಅಡುಗೆ ಉಂಡ ನಾವು ಯಾರೂ ಅವರನ್ನು ಇದು ಕೇಳಿರಲಿಲ್ಲ. ಲಾರೆನ್ಸಣ್ಣ ಮೊಬೈಲು ಕೆಳಗಿಟ್ಟರು.

"ಊಟಕ್ಕೆ ಕೂತ್ರೆ ಅಲ್ಲಿ ಯಾರೂ ಮಾತಾಡ್ತಿರ್ಲಿಲ್ಲ ತಂಗಿ. ನನಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ."

"ಮತ್ತೆ ಇಲ್ಲಿ ಅದನ್ನೇ ಶುರು ಮಾಡಿದ್ರಲ್ಲ?"

"ಇಲ್ಲಿಗೆ ಬಂದು ಇವರು ಮಾತಾಡುದನ್ನು ಕೇಳಿದೆ," ಎಂದರು ಲಾರೆನ್ಸಣ್ಣ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಅಲ್ಲಿನವರು ಮಾಡಿದ್ದೇ ಸರಿ ಅಂತ ಕಂಡಿತು."

ಶಶಿಕಲಾ ನಕ್ಕಳು. ಆಮೇಲೆ ಉಳಿದವರು. ಒಬ್ಬ ತನ್ನ ಮಗಳ ಪರೀಕ್ಷೆಯ ವಿಷಯ ಎತ್ತಿದ, ಇನ್ನೊಬ್ಬ ಮೀನಿಗೆ ಹುಳಿ ಹೆಚ್ಚಾಯಿತೆಂದ, ಲಾರೆನ್ಸಣ್ಣ ಓದು ಮುಗಿಸದೆಯೇ ಬಟ್ಟಲು ಎಳೆದುಕೊಂಡರು. ಗದ್ದಲವೋ ಗದ್ದಲ. ಅದರ ನಡುವೆ ಸುಮ್ಮನಿದ್ದವನು ನಾನೊಬ್ಬನೇ. ಅವಳು ನಗು ನಿಲ್ಲಿಸಿ ನನ್ನ ಕಡೆ ನೋಡಿದಳು.

ಬಾಯಿಯಲ್ಲಿ ಬಂಗುಡೆಯ ಮುಳ್ಳಿತ್ತು. ಅದನ್ನು ತೆಗೆದು ಬಟ್ಟಲಿನ ಅಂಚಿಗಿಟ್ಟು, ಎಲ್ಲರೆದುರು ಹೇಳಿದೆ:

"ನೀನು ಬಂದದ್ದು ಒಳ್ಳೆದಾಯ್ತು ಮಾರಾಯ್ತಿ. ನನಗೆ ಇಲ್ಲಿ ತುಂಬ ಬೇಸರ."