ಜೀಪಿನ ಮೂಗಿಗೆ ಕಟ್ಟಿದ ಧೋತರ

ಆ ಚಳಿ ಮುಂಜಾನೆ ನಮ್ಮ ಹಳೆಯ ಜೀಪು ಜ್ವರ ಬಂದವರಂತೆ ನಡುಗುತ್ತ ಕರಿಹೊಗೆ ಕಾರುತ್ತಿತ್ತು. ತಂಗಿಯ ಸೀಮಂತಕ್ಕೆ ತವರಿಗೆ ಹೊರಟಿದ್ದ ಹೆಂಡತಿ ವಾಡಿಯಲ್ಲಿ ರೈಲು ಹಿಡಿಯಬೇಕಿತ್ತು.

"ಥಂಡಿಗಿ ಹಂಗ ಮಾಡ್ತದ, ಬಿಸಿ ಆಗ್ಲಿ ತಡಿ," ಎಂದೆ.

"ರೈಲು ನಿಮ್ಮ ಜೀಪಿನ ಮಾರಿ ನೋಡ್ಕೋತ ನಿಂದ್ರಂಗಿಲ್ರಿ!"

ಪಕ್ಕದ ಮನೆಯ ಮೆಕ್ಯಾನಿಕ್ ಚಾಚಾ ಬಂದು ಬಾನೆಟ್ ಎತ್ತಿದರು. ಊರಿನ ಸಿಮೆಂಟ್ ಫ್ಯಾಕ್ಟರಿಯ ಧೂಳು ಎಂಜಿನ್ನಿಗೆ ಹೋಗದಿರಲೆಂದು, ಗಾಳಿ ಎಳೆಯುವ ಕೊಳವೆಗೆ ನಾನು ಧೋತರದ ತುಂಡು ಕಟ್ಟಿ, ದಿನಾ ಅಲ್ಲೇ ನೀರು ಹಾಕಿ ತೊಳೆಯುತ್ತಿದ್ದೆ. ಚಾಚಾ ಅದನ್ನು ಬೆರಳಿನಿಂದ ಕುಟ್ಟಿದರೆ ಟಣ್ ಎಂದಿತು.

"ಸಾಹೇಬ್ರ, ಜೀಪಿನ ಮೂಗಿಗಿ ಸ್ಲ್ಯಾಬ್ ಹಾಕೀರಿ. ದಿನಾ ನೀರುಣಿಸಿ, ಗಟ್ಟಿ ಆಗ್ಲಂತ ಕ್ಯೂರಿಂಗ್ ಬ್ಯಾರೆ ಮಾಡೀರಿ!"

ಅದನ್ನು ಕಿತ್ತೊಡನೆ ನಡುಕ ನಿಂತಿತು. ರೈಲೂ ಸಿಕ್ಕಿತು. ಹೆಂಡತಿಯ ಚೀಲದಲ್ಲಿ ಸೀರೆಗಳ ಮೇಲೆ ಆ ಧೋತರವೂ ಕೂತಿತ್ತು, ತವರಿನವರಿಗೆ ತೋರಿಸಲು.